ನಮ್ಮ ನೀರಿನ ಹಲ್ಲು

ನನ್ನ ಏಳು ವರ್ಷದ ಮಗಳು ಸುಗಲಾಳ ಗಿಣಿ ಮೊದಲ ಸಲ ಕೆಮ್ಮಿದ್ದು ಅವಳ ಮುಂದಿನ ಹೊಸ ಹಲ್ಲು ಅರ್ಧ ಹೊರಗೆ ಬಂದ ವಾರ. ಬಚ್ಚಲ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದವಳು ಬಾಯಿತುಂಬ ನೊರೆ ಇಟ್ಟುಕೊಂಡೇ ಅಡುಗೆಮನೆಗೆ ಓಡಿ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ.

“ಯವ್ವಾ, ಪುಟಾಣಿಗೆ ಆರಾಮಿಲ್ಲ. ನೋಡ ಬಾ.”

ಬ್ರಷ್ಷಿನ ಹಿಡಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಪರದೆ. ಅದರೊಳಗೆ ಒಂದು ಗಿಣಿಮರಿ. ಪುಟಾಣಿ ಎಂದು ಹೆಸರಿಟ್ಟಿದ್ದು ಸುಗಲಾನೇ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ರೆಕ್ಕೆ ಬಡಿದು ಹಾಡುತ್ತಿದ್ದ ಗಿಣಿ ಅವತ್ತು ಬೂದಿಯ ಬಣ್ಣಕ್ಕೆ ತಿರುಗಿತ್ತು. ಕತ್ತು ಒಂದು ಕಡೆಗೆ ವಾಲಿತ್ತು. ಒಂದು ಸಣ್ಣ ಕೆಮ್ಮು, ನಿಜವಾದ ಕೂಸಿನ ಕೆಮ್ಮಿನ ಹಾಗೇ.

“ಸರಿಯಾಗಿ ತಿಕ್ಕಿರಲಿಕ್ಕಿಲ್ಲ. ಇನ್ನೊಂದೀಟು ತಿಕ್ಕು,” ಎಂದೆ. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು.

ಆ ಮಾತನ್ನು ಇವತ್ತಿಗೂ ನುಂಗಲಿಕ್ಕೆ ಆಗಿಲ್ಲ.

ಆ ಬ್ರಷ್ಷುಗಳು ನಮ್ಮ ತಾಲೂಕಿಗೆ ಬಂದದ್ದು ನಗುಮೊಗ ಯೋಜನೆಯಲ್ಲಿ, ಶಾಲೆಗೆ ಹೋಗುವ ಪ್ರತಿ ಮಗುವಿಗೂ ಒಂದೊಂದು. ಬ್ರಷ್ಷಿನ ಕತ್ತಿನಲ್ಲಿ ಸಾಸಿವೆ ಕಾಳಿನಷ್ಟು ಕ್ಯಾಮೆರಾ, ಹಿಡಿಯೊಳಗೆ ಕೈ ಹೇಗೆ ಆಡುತ್ತದೆಂದು ಅಳೆಯುವ ಚಿಪ್. ಮಗು ಎರಡು ನಿಮಿಷ ಉಜ್ಜಿ ಬಾಯಿ ಮುಕ್ಕಳಿಸಿದ ಮೇಲೆ ಕ್ಯಾಮೆರಾ ಹಲ್ಲುಗಳನ್ನು ನೋಡುತ್ತದೆ. ಸ್ವಚ್ಛ ಎನಿಸಿದರೆ ಗಿಣಿ ಹಾಡುತ್ತದೆ. ಇಲ್ಲವಾದರೆ ಮಂಕಾಗುತ್ತದೆ. ಇಪ್ಪತ್ತೊಂದು ದಿನ ಸತತವಾಗಿ ಮಂಕಾದರೆ ಮರುದಿನ ಹಾರಿಹೋಗುತ್ತದೆ. ವಾಪಸು ಬರಬೇಕೆಂದರೆ ಏಳು ದಿನ ಸ್ವಚ್ಛ ಬಾಯಿ ತೋರಿಸಬೇಕು.

ಅದರಿಂದ ಒಳ್ಳೆಯದೇ ಆಗಿತ್ತು. ಬೈದರೂ ಬಡಿದರೂ ಬಚ್ಚಲಿಗೆ ಹೋಗದ ಹುಡುಗರು ಕೋಳಿ ಕೂಗುವ ಹೊತ್ತಿಗೇ ಬ್ರಷ್ ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದರು. ಹುಳುಕು ಹಲ್ಲು ಅರ್ಧಕ್ಕರ್ಧ ಕಡಿಮೆಯಾಗಿದ್ದವು. ಅದನ್ನು ನಾನು ಕೇಳಿ ಹೇಳುತ್ತಿಲ್ಲ, ದಿನಾ ನೋಡುತ್ತಿದ್ದೆ. ನಗುಮೊಗದ ನಿಯಂತ್ರಣ ಕೊಠಡಿಯಲ್ಲೇ ನನ್ನ ಕೆಲಸ.

ಸುಗಲಾಳ ಹಾಲುಹಲ್ಲು ಬಿದ್ದಾಗ ನಮ್ಮ ರೂಢಿಯಂತೆ ಸಗಣಿ ಉಂಡೆಯಲ್ಲಿಟ್ಟು ಮಾಳಿಗೆಗೆ ಒಗೆಯಲು ಕೊಟ್ಟಿದ್ದೆ. ಅವಳು ಒಗೆದ ಉಂಡೆ ತಗಡಿಗೆ ಬಡಿದು ಉರುಳಿ ಕಾಲ ಬಳಿಗೇ ಬಂತು. ನನ್ನ ಅತ್ತೆ ಅದನ್ನೆತ್ತಿ ಮತ್ತೊಮ್ಮೆ ಒಗೆದು, “ಮಲ್ಲಿಗಿ ಮೊಗ್ಗಿನಂಥಾ ಹಲ್ಲ ಬರ್ಲಿ ನನ್ನ ಮೊಮ್ಮಗಳಿಗೆ,” ಎಂದಿದ್ದರು.

ಬಂದ ಹಲ್ಲಿನ ಮೇಲೆ ಚಹಾದ ಕಲೆಯಂಥ ಕಂದು ಪಟ್ಟಿ ಇತ್ತು. ನನ್ನ ಹಲ್ಲೂ ಹಾಗೇ. ಅತ್ತೆಯವರಿಗೆ ಉಳಿದಿರುವ ಮೂರು ಹಲ್ಲೂ ಹಾಗೇ. ನಮ್ಮ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಲುಹಲ್ಲು ಬೆಳ್ಳಗೇ ಬರುತ್ತವೆ. ಏಳನೇ ವರ್ಷಕ್ಕೆ ಬರುವ ಹಲ್ಲು ಮಾತ್ರ ದವಡೆಯೊಳಗೆ ಕೂತು ವರ್ಷಗಟ್ಟಲೆ ಆ ನೀರನ್ನು ಕುಡಿದೇ ಹೊರಗೆ ಬರುತ್ತವೆ. ಎಷ್ಟು ಉಜ್ಜಿದರೂ ಆ ಬಣ್ಣ ಹೋಗುವುದಿಲ್ಲ. ಅದು ಹೊಲಸಲ್ಲ, ಹಲ್ಲೇ ಹಾಗೆ.

ನನಗೆ ಗೊತ್ತಿತ್ತು, ಗೊತ್ತಿರಲೂ ಇಲ್ಲ. ಚಿಕ್ಕಂದಿನಲ್ಲಿ ನನ್ನ ಅವ್ವ ಇಟ್ಟಂಗಿ ಪುಡಿ ಹಾಕಿ ನನ್ನ ಹಲ್ಲು ತಿಕ್ಕುತ್ತಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ನಗಬೇಡ ಎಂದು ಕಲಿಸಿದ್ದಳು. ಇವತ್ತಿಗೂ ನಗು ಬಂದರೆ ನನ್ನ ಕೈ ತಾನಾಗಿ ಸೆರಗನ್ನು ಬಾಯಿಗೆ ತರುತ್ತದೆ.

ಹತ್ತನೇ ದಿನ ಅತ್ತೆ ಹಿತ್ತಲಿನಿಂದ ಕೂಗಿದರು.

“ಲೀಲಾ, ಈ ಆಡಿನ ಬಾಯಿ ಮೂಸ್ ಬಾ. ಬೆಳ್ಳೊಳ್ಳಿ ವಾಸನಿ ಹೊಡ್ಯಾಕತ್ತೈತಿ.”

ಸುಗಲಾಳಿಗೆ ಮುಟಗಿ ಎಂದರೆ ಪ್ರಾಣ. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಉಪ್ಪು, ಎಣ್ಣೆ ಹಾಕಿ ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿದರೆ ಎರಡು ತಿನ್ನುತ್ತಿದ್ದಳು. ಎಷ್ಟು ದಿನದಿಂದಲೋ ಆ ಉಂಡೆಗಳು ಆಡಿನ ಹೊಟ್ಟೆ ಸೇರುತ್ತಿದ್ದವು. ಶಾಲೆಯ ಊಟವನ್ನೂ ಪಕ್ಕದ ಹುಡುಗಿಗೆ ಕೊಡುತ್ತಿದ್ದಳಂತೆ.

“ಯಾಕ ಕೂಸ? ಹೊಟ್ಟಿ ನೋಯ್ತದೇನು?” ಎಂದೆ.

“ಉಂಡ್ರ ಹಲ್ಲಿಗೆ ಹತ್ತತೈತಿ. ಹತ್ತಿದ್ರ ಪುಟಾಣಿ ಕೆಮ್ಮತೈತಿ.”

“ಹತ್ತಿದ್ದು ತಿಕ್ಕಿದ್ರ ಹೋಗತೈತಲ್ಲ.”

“ತಿಕ್ಕೀನಿ. ಹೋಗವಲ್ದು.” ಕೆಳತುಟಿಯನ್ನು ಬೆರಳಿನಿಂದ ಜಗ್ಗಿ ತೋರಿಸಿದಳು. ವಸಡು ಹರಿದು ಕೆಂಪಾಗಿ, ಹಲ್ಲಿನ ಬುಡ ಕಾಣುತ್ತಿತ್ತು. “ಐದ್ ಸಲ ತಿಕ್ಕೀನಿ ನೋಡು.”

ಬ್ರಷ್ ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವಳು ಅಳಲಿಲ್ಲ. ಕಪಾಟಿನ ಬಾಗಿಲಿಗೆ ಕಿವಿ ಹಚ್ಚಿ ಕೂತಳು. ಮಧ್ಯಾಹ್ನದವರೆಗೂ ಎದ್ದಿರಲಿಲ್ಲ. “ಒಳಗ ಕತ್ತಲಿ ಐತಿ. ಅದು ಒಂದ ಐತಿ,” ಎಂದಷ್ಟೇ ಅಂದಳು. ಅವತ್ತು ನೀರನ್ನೂ ಮುಟ್ಟಲಿಲ್ಲ. ಸಂಜೆ ನಾನೇ ಬೀಗ ತೆಗೆದೆ.

ಅವಳ ಅಪ್ಪ ಕರೆಂಟು ಹುಟ್ಟಿಸುವ ಗಾಳಿ ಪಂಖಗಳ ರಿಪೇರಿಗೆಂದು ಚಿತ್ರದುರ್ಗದ ಕಡೆ ಹೋಗಿ ಎರಡು ತಿಂಗಳಾಗಿತ್ತು. ಫೋನಿನಲ್ಲಿ, “ಹೊಸಾ ಆಟಗಿ ಸಾಮಾನ ಕೊಡಿಸ್ತೀನಿ ಅನ್ನು,” ಎಂದರು. ಆಟಿಕೆ ಸಾಮಾನು ಯಾಕೆ ಬೇಕು ಅವಳಿಗೆ? ಅವಳ ಕಣ್ಣೆದುರು ಒಂದು ಜೀವ ಸಾಯುತ್ತಿತ್ತು.

ಆಸ್ಪತ್ರೆಯ ನರ್ಸ್‌ಬಾಯಿ ತೂಕ ಮಾಡಿದರು. ಇಪ್ಪತ್ತು ಕಿಲೋ ಇದ್ದವಳು ಹದಿನೇಳೂವರೆಗೆ ಬಂದಿದ್ದಳು. “ಹದಿನಾರಕ್ಕ ಇಳಿದ್ರ ಹುಬ್ಬಳ್ಳಿಗೆ ಒಯ್ದು ಮೂಗಿನ್ಯಾಗ ನಳಿಗಿ ಹಾಕಬೇಕಾಗತೈತಿ ನೋಡವಾ,” ಎಂದರು.

“ನೀರ್ ಅಷ್ಟ ಕುಡೀತಾಳ್ರಿ.”

“ಅದನ್ನರ ಕುಡೀಲಿ.”

ಗಿಣಿಗೆ ನೀರು ಒಗ್ಗುತ್ತದೆ ಎಂದು ಅವಳ ನಂಬಿಕೆ. ಚೆಂಬಿನ ಮೇಲೆ ಚೆಂಬು ಕುಡಿಯುತ್ತಿದ್ದಳು, ಅದೇ ಬೋರಿನ ನೀರು.

ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ತಾಲೂಕಿನ ನಕಾಶೆ ಇದೆ. ಒಂದೊಂದು ಮಗುವಿಗೆ ಒಂದೊಂದು ಚುಕ್ಕೆ. ಬೆಳಿಗ್ಗೆ ಉಜ್ಜಿದ ಲೆಕ್ಕವೆಲ್ಲ ಒಂಬತ್ತಕ್ಕೆ ನಮ್ಮ ಮುಂದಿರುತ್ತದೆ. ಮಂಕಾದ ಗಿಣಿಗಳ ಮನೆಗೆ ಫೋನ್ ಮಾಡುವುದು ನನ್ನ ಪಾಲಿನದು. ಮುಖ್ಯಸ್ಥೆ ಅನಘಾ ಮೇಡಂ ಮೈಸೂರಿನವರು. ಕೆಟ್ಟವರಲ್ಲ. ನಮ್ಮ ಬುತ್ತಿಯ ರೊಟ್ಟಿಯನ್ನು ಮುರಿದು ತಿಂದು, ಖಾರಕ್ಕೆ ಕಣ್ಣೀರು ಸುರಿಸುತ್ತ ಇನ್ನೊಂದು ಕೇಳುವವರು.

“ಲೀಲಾ, ಏಳು ಎಂಟು ವರ್ಷದ ಮಕ್ಕಳಲ್ಲೇ ಯಾಕೋ ಅಸಡ್ಡೆ ಜಾಸ್ತಿ,” ಎಂದು ಅವರು ತಿಂಗಳ ಹಿಂದೆಯೇ ಹೇಳಿದ್ದರು. “ಗಿಣಿ ಬರೀ ಮಂಕಾದ್ರೆ ಅವರಿಗೆ ನಾಟ್ತಿಲ್ಲ. ಕೆಮ್ಮಿಸಿ ನೋಡೋಣ.” ಕೆಮ್ಮು ಹುಟ್ಟಿದ್ದು ಹಾಗೆ: ಮಂಕಾದ ಗಿಣಿ ಉಜ್ಜಿ ಮುಗಿದ ಮೇಲೂ ಆಗಾಗ ಕೆಮ್ಮುತ್ತಿರುತ್ತದೆ.

ಸುಗಲಾಳ ಗಿಣಿಯ ಹದಿನೆಂಟನೇ ದಿನ, ಶನಿವಾರ, ಪಟ್ಟಿಯಲ್ಲಿದ್ದ ಒಂದು ಮನೆಗೆ ಫೋನ್ ಹಚ್ಚಿದೆ. ದಿನಾ ಹೇಳುವುದನ್ನೇ ಹೇಳಿದೆ: ನಿಮ್ಮ ಹುಡುಗ ಸರಿಯಾಗಿ ಹಲ್ಲುಜ್ಜುತ್ತಿಲ್ಲ, ನೀವು ಮುಂದೆ ನಿಂತು ಉಜ್ಜಿಸಬೇಕು.

“ಎಷ್ಟ್ ತಿಕ್ಕಿಸ್ಲಿ ಬಾಯಾರ?” ಆ ತಾಯಿಯ ದನಿ ಒಡೆಯಿತು. “ರಕ್ತ ಬಂದ್ರೂ ಬಿಡವಲ್ಲ. ಅರಿವಿ ಒಗಿಯೂ ಬ್ರಷ್ ತಗೊಂಡು ತಿಕ್ಕ್ಯಾನ್ರಿ ನಿನ್ನೆ. ಹೊಸಾ ಹಲ್ಲು ಹೆಂಗ್ ಬೆಳ್ಳಗಾಗಬೇಕ್ರಿ? ಅವು ನಮ್ಮ ನೀರಿನ ಹಲ್ಲು.”

ಫೋನ್ ಕೆಳಗಿಟ್ಟೆ. ಮಂಕಾದ ಗಿಣಿಗಳ ಮಕ್ಕಳ ಹಲ್ಲಿನ ಚಿತ್ರಗಳನ್ನು ಒಂದಾದ ಮೇಲೊಂದು ತೆರೆದೆ. ಹಾಲುಹಲ್ಲುಗಳ ನಡುವೆ ಆಗತಾನೇ ಬಂದ ಎರಡು ದೊಡ್ಡ ಹಲ್ಲು, ಕಂದು ಪಟ್ಟಿ. ಮುಂದಿನದೂ ಅದೇ. ಅದರ ಮುಂದಿನದೂ. ಹುಳುಕು ಇಲ್ಲ, ಪಾಚಿ ಇಲ್ಲ, ಉಜ್ಜಿ ಉಜ್ಜಿ ಹೊಳೆಯುತ್ತಿರುವ ಕಂದು ಹಲ್ಲು.

ಕ್ಯಾಮೆರಾಗೆ ಬರೀ ಕಣ್ಣಿದೆ. ಸ್ವಚ್ಛ ಯಾವುದು, ಹೊಲಸು ಯಾವುದು ಎಂದು ಅದಕ್ಕೆ ಯಾರೋ ಸಾವಿರಾರು ಚಿತ್ರ ತೋರಿಸಿ ಕಲಿಸಿರಬೇಕು. ಆ ಯಾರೋ ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮೂರು ವರ್ಷದ ಹಿಂದೆ, ಬ್ರಷ್ಷುಗಳು ಬರುವ ಮೊದಲು, ಇದೇ ಕಟ್ಟಡದ ಹಾಲ್‌ನಲ್ಲಿ ನಾವು ನೂರಾನಲವತ್ತು ಹೆಂಗಸರು ಕೂತಿದ್ದೆವು. ನಿಮ್ಮ ಮಕ್ಕಳ ಹಲ್ಲು ನಿಮಗೇ ಗೊತ್ತು, ಹೊರಗಿನವರಿಂದ ಯಾಕೆ ಮಾಡಿಸಬೇಕು ಎಂದು ಕೆಲಸವನ್ನು ನಮಗೇ ಕೊಟ್ಟಿದ್ದರು. ಪರದೆಯ ಮೇಲೆ ಒಂದು ಬಾಯಿಯ ಚಿತ್ರ ಬರುತ್ತಿತ್ತು. ಕೆಳಗೆ ಒಂದು ಪ್ರಶ್ನೆ. ದಂತವೈದ್ಯರ ಮಾತು ನಮಗೆ ತೊಡಕಾಗಬಾರದೆಂದು ಅನಘಾ ಮೇಡಂ ತಾವೇ ಕೂತು ಬರೆದದ್ದು: ‘ಈ ಬಾಯಿ ನಿಮ್ಮ ಮಗುವಿನದಾಗಿದ್ದರೆ, ಹೀಗೇ ಶಾಲೆಗೆ ಕಳಿಸಲು ನಿಮಗೆ ಸಮಾಧಾನವೇ?’ ಹೌದು, ಇಲ್ಲ. ಯಾವುದಾದರೂ ಒಂದನ್ನು ಒತ್ತಬೇಕು.

ಕಂದು ಹಲ್ಲು ಬಂದಾಗಲೆಲ್ಲ ನಾನು ‘ಇಲ್ಲ’ ಒತ್ತಿದೆ. ಪಕ್ಕದಲ್ಲಿ ಕೂತಿದ್ದ ಜೈತುನಬಿಯೂ ‘ಇಲ್ಲ’ ಒತ್ತಿದಳು. “ಹೌದಂತ ಹೆಂಗ ಒತ್ತೂದು ಲೀಲಕ್ಕ? ಇಂಥಾ ಹಲ್ಲಿನ ಹುಡುಗೀನ ಯಾರ್ ಮಾಡ್ಕೋತಾರ?” ಎಂದು ಸೆರಗಿನ ಮರೆಯಲ್ಲೇ ನಕ್ಕಿದ್ದಳು. ಹಾಲ್ ತುಂಬ ಸೆರಗಿನ ಮರೆಯ ಬಾಯಿಗಳೇ ಇದ್ದವು. ನೂರಾನಲವತ್ತು ಜನರೂ ಒಂದೇ ಉತ್ತರ ಕೊಟ್ಟೆವು.

ಮೇಡಂ ಮುಂದೆ ಚಿತ್ರಗಳನ್ನು ಹರಡಿ ಎಲ್ಲ ಹೇಳಿದೆ.

“ದಂತವೈದ್ಯರು ಆ ಚಿತ್ರಗಳಲ್ಲಿ ಹುಳುಕು ಮಾತ್ರ ನೋಡಿದ್ರು, ಲೀಲಾ. ಬಣ್ಣದ ವಿಷಯ ನಿಮಗೆಲ್ಲ ಗೊತ್ತಿರುತ್ತೆ ಅಂದ್ಕೊಂಡೆ.”

“ನಮಗ ಗೊತ್ತಿತ್ರಿ ಮೇಡಂ. ಅದಕ್ಕ ಒತ್ತಿದ್ವಿ.”

ಸರಿಪಡಿಸಬಹುದು ಎಂದರು. ಕಂದು ಹಲ್ಲಿನ ಚಿತ್ರಗಳಿಗೆಲ್ಲ ಮತ್ತೆ ಗುರುತು ಹಾಕಬೇಕು, ಯಂತ್ರಕ್ಕೆ ಮೊದಲಿನಿಂದ ಕಲಿಸಬೇಕು, ಬ್ರಷ್ ಮಾಡಿದ ಕಂಪನಿ ಪರೀಕ್ಷೆ ಮಾಡಿ ಒಪ್ಪಬೇಕು. ಕಡಿಮೆ ಎಂದರೂ ಆರು ವಾರ.

“ನನ್ನ ಮಗಳಿಗೆ ಆರು ದಿನ ಇಲ್ರಿ.”

ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಒಂದೇ ಒಂದು ಗಿಣಿನ ಇಲ್ಲಿಂದ ಕೈಯಾರೆ ಎಬ್ಬಿಸಬಹುದು. ನಿಯಮದಲ್ಲಿಲ್ಲ. ನಾಳೆ ಬೆಳಿಗ್ಗೆ ಅವಳು ಏನೇ ಉಜ್ಜಲಿ, ಹಾಡುತ್ತೆ. ಮಾಡ್ಲಾ?”

ಬೇರೆ ಮಕ್ಕಳ ನೆನಪಾಯಿತು. ಅರಿವೆ ಬ್ರಷ್ಷಿನಲ್ಲಿ ತಿಕ್ಕಿಕೊಂಡ ಹುಡುಗನ ನೆನಪಾಯಿತು. “ಮಾಡ್ರಿ,” ಎಂದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಬಚ್ಚಲಿನಿಂದ ಗಿಣಿಯ ಹಾಡು ಕೇಳಿತು. ಅತ್ತೆ ಕೂತಲ್ಲೇ ಎರಡೂ ಕೈ ಎತ್ತಿ ಮುಗಿದರು. ನಾನು ಒರಳಿಗೆ ಬಿಸಿ ರೊಟ್ಟಿ ಹಾಕಿ ಕುಟ್ಟತೊಡಗಿದೆ. ಬೆಳ್ಳುಳ್ಳಿ ಎರಡು ಎಸಳು ಜಾಸ್ತಿಯೇ ಹಾಕಿದೆ. ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದೆ.

ಸುಗಲಾ ಬ್ರಷ್ಷನ್ನು ಎದೆಗೊತ್ತಿಕೊಂಡು ನಗುತ್ತಿದ್ದಳು. ಎಷ್ಟು ದಿನದ ಮೇಲೆ ಆ ಮುಖದಲ್ಲಿ ನಗು. ಇನ್ನೊಂದು ಕೈಯಿಂದ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆಗೇ ದೂಡಿದಳು.

“ನೋಡಿದ್ಯಾ ಯವ್ವಾ? ನಿನ್ನೆ ನಾ ಒಂದ್ ಅಗಳೂ ತಿಂದಿಲ್ಲ. ನೀರೂ ಅರ್ಧಾ ಚೆಂಬು ಅಷ್ಟ ಕುಡಿದೀನಿ. ಅದಕ್ಕ ಆರಾಮಾತು.” ಏನೋ ಕಂಡುಹಿಡಿದವಳ ಹಾಗೆ ಅವಳ ಕಣ್ಣು ಹೊಳೆಯುತ್ತಿದ್ದವು. “ಇನ್ನ ದಿನಾ ಹಿಂಗ ಇರ್ತೀನಿ. ನೀ ಹೆದರಬ್ಯಾಡ.”

ನನ್ನ ಮಗಳು ಉಪವಾಸದಿಂದ ಗಿಣಿ ಬದುಕುತ್ತದೆ ಎಂದು ಬರೀ ನಂಬಿದ್ದಳು. ಈಗ ಅದಕ್ಕೆ ಸಾಕ್ಷಿ ಸಿಕ್ಕಿತ್ತು. ತಂದುಕೊಟ್ಟವಳು ನಾನು.

ಸಿಕ್ಕ ಟೆಂಪೋ ಹತ್ತಿ ತಾಲೂಕಿಗೆ ಓಡಿದೆ. “ಮೇಡಂ, ಅದನ್ನ ಮತ್ತ ಮಲಗಸ್ರಿ,” ಎಂದಾಗ ಅವರಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಗಿಣಿಯನ್ನು ಹಳೆಯ ಎಣಿಕೆಗೇ ಮರಳಿಸಿದರು. ಮಂಗಳವಾರಕ್ಕೆ ಇಪ್ಪತ್ತೊಂದು ದಿನ ತುಂಬುತ್ತಿತ್ತು. ಆಮೇಲೆ ಹಾಲ್‌ನ ಬೀಗ ತೆಗೆಸಿದರು. ಫೋನ್ ಮಾಡಿ ಕರೆದದ್ದಕ್ಕೆ, ಭಾನುವಾರವಾದರೂ ಹನ್ನೊಂದು ಹೆಂಗಸರು ಬಂದಿದ್ದರು, ಜೈತುನಬಿಯೂ ಬಂದಿದ್ದಳು. ಹಳೆಯ ಚಿತ್ರಗಳನ್ನು, ಅದೇ ಪ್ರಶ್ನೆಯನ್ನು ಮತ್ತೆ ನಮ್ಮ ಮುಂದಿಟ್ಟರು.

ಮೊದಲ ಚಿತ್ರ ಒಬ್ಬ ಹುಡುಗನದು. ಬಾಯಿತುಂಬ ಕಂದು ಹಲ್ಲು ಬಿಟ್ಟು ನಗುತ್ತಿದ್ದ. ಹಾಲ್‌ನಲ್ಲಿ ಯಾರೂ ಏನೂ ಒತ್ತಲಿಲ್ಲ. ಎಲ್ಲ ಗೊತ್ತಿದ್ದೂ ನನ್ನ ಬೆರಳು ‘ಇಲ್ಲ’ದ ಮೇಲೇ ಹೋಗಿ ನಿಂತಿತ್ತು. ಅದನ್ನು ಪಕ್ಕಕ್ಕೆ ಸರಿಸುವುದಕ್ಕೆ ತುಂಬಿದ ಕೊಡ ಎತ್ತುವಷ್ಟು ಬಲ ಬೇಕಾಯಿತು.

“ಸುಳ್ ಹೇಳಿದಂಗ ಆಗತೈತಿ ಲೀಲಕ್ಕ,” ಎಂದಳು ಜೈತುನಬಿ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. “ಹೌದು ಅಂತ ನನಗ ಯಾರೂ ಒಂದ್ ದಿನ ಅಂದಿಲ್ಲಲ್ಲ.”

ಆಮೇಲೆ ಒತ್ತಿದಳು. ಎಲ್ಲರೂ ಒತ್ತಿದೆವು. ಆದರೆ ಅದು ಆರು ವಾರದ ಮಾತು.

ಸೋಮವಾರ ಬೆಳಿಗ್ಗೆ ಗಿಣಿ ಮತ್ತೆ ಬೂದಿಯಾಗಿ ಕೆಮ್ಮಿತು. ಸುಗಲಾ ನನ್ನನ್ನಾಗಲಿ ಗಿಣಿಯನ್ನಾಗಲಿ ಬೈಯಲಿಲ್ಲ. “ನೀರ್ ಕುಡಿದಿದ್ದು ತಪ್ಪಾತು,” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಚೆಂಬನ್ನೂ ಬಿಟ್ಟಳು. ಬೇಡಿಕೊಂಡೆ. ಹಲ್ಲಿನ ವಿಷಯ ಹೇಳಿದೆ, ನೀರಿನ ವಿಷಯ ಹೇಳಿದೆ. “ಮತ್ತ ಭಾನುವಾರ ಹೆಂಗ ಹಾಡಿತು?” ಎಂದಳು. ಮೇಡಂ ಹಾಡಿಸಿದ್ದು, ನಾನೇ ಹಾಡಿಸಿದ್ದು ಎಂದೆ. ಊಟ ಮಾಡಿಸಲು ಅಮ್ಮಂದಿರು ಹೇಳುವ ಸುಳ್ಳುಗಳು ಅವಳಿಗೆ ಗೊತ್ತಿದ್ದವು. ಗೋಡೆಗೆ ಮುಖ ಮಾಡಿ ಮಲಗಿದಳು. ಸಂಜೆ ಮೂತ್ರ ಕಟ್ಟಿತ್ತು, ತುಟಿ ಬಿರಿದಿತ್ತು. ನರ್ಸ್‌ಬಾಯಿ ಬಂದು ಕಣ್ಣರೆಪ್ಪೆ ಸರಿಸಿ ನೋಡಿ, “ನಾಳೆ ಹತ್ತಕ್ಕ ಹುಬ್ಬಳ್ಳಿಗೆ ಗಾಡಿ ಕಳಸ್ತೀನಿ. ಬಟ್ಟಿ ಕಟ್ಟಿಕೋ,” ಎಂದು ಹೋದರು.

ಮಂಗಳವಾರ. ಬಟ್ಟೆಯ ಚೀಲ ಬಾಗಿಲ ಬಳಿ ಇತ್ತು. ಸುಗಲಾಳನ್ನು ಎತ್ತಿಕೊಂಡೇ ಬಚ್ಚಲಿಗೆ ಒಯ್ದೆ. ಅವಳು ನನ್ನ ಎದೆಗೊರಗಿಕೊಂಡೇ ಉಜ್ಜಿದಳು. ಗಿಣಿ ಕಣ್ಣನ್ನೂ ತೆರೆಯಲಿಲ್ಲ, ಕೆಮ್ಮಿತು.

ಆಗ ನನಗೆ ಇನ್ನೇನೂ ಉಳಿದಿರಲಿಲ್ಲ. ಬ್ರಷ್ಷನ್ನು ಬಿಸಿನೀರಿನಲ್ಲಿ ತೊಳೆದು ನನ್ನ ಬಾಯಿಗಿಟ್ಟುಕೊಂಡೆ. ಉಜ್ಜಿದೆ, ಮುಕ್ಕಳಿಸಿದೆ, ಹಲ್ಲು ತೋರಿಸಿದೆ. ಗಿಣಿ ಕೆಮ್ಮಿತು.

ಸುಗಲಾ ನೋಡಿದಳು. “ನೀ ರಾತ್ರಿ ಉಂಡಿರಬೇಕು,” ಎಂದಳು ಸಣ್ಣ ದನಿಯಲ್ಲಿ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮುಂದೆ ಬಂದರು. “ತಾ ಇಲ್ಲೆ. ನಂದೂ ನೋಡ್ಲಿ ಅದು.” ಕುಕ್ಕರಗಾಲಿನಲ್ಲಿ ಕೂತು ಮೂರೇ ಮೂರು ಹಲ್ಲನ್ನು ಎರಡು ನಿಮಿಷ ಉಜ್ಜಿದರು. ಗಿಣಿ ಇನ್ನೂ ಜೋರಾಗಿ ಕೆಮ್ಮಿತು. “ಭಾಡ್ಯಾ, ಮುದುಕಿ ಅಂತನೂ ನೋಡೂದಿಲ್ಲಲ್ಲ!” ಎಂದು ಅದನ್ನು ಬೈದರು.

ಸುಗಲಾ ನನ್ನ ತೋಳಿನಿಂದ ಸ್ವಲ್ಪ ಎದ್ದು ಅಜ್ಜಿಯನ್ನು ನೋಡಿದಳು.

“ಆಯಿ, ನಿನ್ನೆ ಸೋಮವಾರ.”

“ಹೌದ ನನ ಬಂಗಾರ.”

“ಸೋಮವಾರ ನೀ ಏನೂ ಉಣ್ಣೂದಿಲ್ಲ.”

“ನಲವತ್ತ್ ವರ್ಷಾತು, ಉಣ್ಣೂದಿಲ್ಲ. ಇವತ್ತಿನ್ನ ಚಾನೂ ಕುಡಿದಿಲ್ಲ.”

ಆ ಒಣಗಿದ ಪುಟ್ಟ ಮುಖದಲ್ಲಿ ಲೆಕ್ಕವೊಂದು ತಪ್ಪಿದ್ದು ನನಗೆ ಕಾಣುತ್ತಿತ್ತು.

“ಹಂಗಾದ್ರ ಉಂಡಿದ್ದಕ್ಕ ಅಲ್ಲ.”

“ಅಲ್ಲ ಕೂಸ.”

“ಮತ್ತ ಯಾಕ?”

“ನಮ್ಮಂಥಾ ಹಲ್ಲು ಹೊಲಸು ಅಂತ ಅದಕ್ಕ ಕಲಿಸ್ಯಾರ.”

“ಯಾರು?”

ಹೊರಗೆ ದೂರದಲ್ಲಿ ಗಾಡಿಯ ಸದ್ದು ಕೇಳಿದ ಹಾಗಾಯಿತು. “ನಾನು,” ಎಂದೆ.

ಅವಳು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಗಿಣಿಯನ್ನು ನೋಡುವಾಗ ಇರುತ್ತಿದ್ದ ನೋಟವೇ ಅದು. “ನಿನಗ ಯಾರ್ ಕಲಿಸಿದ್ರು?” ಎಂದಳು.

ನನಗೆ ಅಳು ಬಂದಿತ್ತು, ಕೈ ಆಗಲೇ ಸೆರಗನ್ನು ಬಾಯಿಗೆ ತಂದಿತ್ತು. ಅವಳು ಕೈ ಚಾಚಿ ಆ ಸೆರಗನ್ನು ಹಿಡಿದಳು. ಬಲವೇ ಇರಲಿಲ್ಲ ಆ ಕೈಯಲ್ಲಿ. ಆದರೂ ಅದನ್ನು ಕೆಳಗೆ ಎಳೆದಳು.

“ನಾಳೆ ಅದು ಹೋಗತೈತಿ?”

“ಹೋಗತೈತಿ.”

“ಅಲ್ಲೆ ಅದನ್ನ ನೋಡ್ಕೊಳ್ಳಾಕ ಯಾರರ ಇರ್ತಾರ?”

“ಗೊತ್ತಿಲ್ಲ ಕೂಸ.”

ಅತ್ತೆ ಅಡುಗೆಮನೆಗೆ ಹೋಗಿ ನೀರಿನ ಚೆಂಬು, ಮುಟಗಿಯ ಒಂದು ಚೂರು ತಂದರು. ಸುಗಲಾ ಒಂದು ಗುಟುಕು ನೀರು ಕುಡಿದಳು. ಆಮೇಲೆ ಆ ಚೂರನ್ನು ಬಾಯಿಗಿಟ್ಟುಕೊಂಡಳು. ಹರಿದ ವಸಡಿಗೆ ಉಪ್ಪು ತಾಗಿ ಕಣ್ಣು ಮುಚ್ಚಿಕೊಂಡಳು. ಮಡಿಲಲ್ಲಿದ್ದ ಗಿಣಿ ಕೆಮ್ಮಿತು. ಅವಳು ಅಗಿಯುವುದನ್ನು ನಿಲ್ಲಿಸಿ ಪರದೆಯನ್ನು ನೋಡಿದಳು.

ಅದು ಮತ್ತೊಮ್ಮೆ ಕೆಮ್ಮಿತು. ಅವಳು ಹೆಬ್ಬೆರಳಿನಿಂದ ಗಿಣಿಯ ಬೆನ್ನು ಸವರುತ್ತ, ಅಳುತ್ತಲೇ, ಅಗಿಯತೊಡಗಿದಳು.